ಅವ್ವನ ಮುಖ ಯಾರು ನೋಡ್ತಾರ? ಬಾಣಂತಿ ಇರುವ ಮನೆಯವರಿಗೊಂದು ಮಾರ್ಗದರ್ಶಿ

ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ನಮ್ಮ ಮನೆಗೆ ದಿನಾ ನಾಲ್ಕು ಮಂದಿ ಕೂಸು ನೋಡಲು ಬರುತ್ತಿದ್ದರು. ತೊಟ್ಟಿಲೊಳಗೆ ಬಗ್ಗಿ ನೋಡುವುದು, "ಥೇಟ್ ಅಪ್ಪನ ಮೂಗು ಬಂದದ ನೋಡ್ರಿ" ಅನ್ನುವುದು, ಕೂಸಿನ ಕೈಯಲ್ಲಿ ಐವತ್ತೋ ನೂರೋ ಇಟ್ಟು ಚಹಾ ಕುಡಿದು ಹೋಗುವುದು. ತೊಟ್ಟಿಲ ಪಕ್ಕದಲ್ಲೇ ಗೋಡೆಗೆ ಆತು ಕುಳಿತವಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹಾಲು ಬರ್ತಾವೇನು?"

ನಾನೂ ಹೆಚ್ಚೇನೂ ಕೇಳಲಿಲ್ಲ. "ಯಾಕ ಹಿಂಗ ಕುಂತೀ?" ಅಂದೆ. "ಏನಿಲ್ಲಕ್ಕಾ, ತಲಿ ನೋಯ್ಲತ್ತದ" ಅಂದಳು. ಬಾಮ್ ಹಚ್ಚಿ ಎದ್ದು ಬಂದೆ. ಆರನೇ ವಾರದ ಒಂದು ರಾತ್ರಿ, ಕೂಸನ್ನು ನನ್ನ ಕೈಗೆ ಕೊಡುತ್ತಾ, "ಇದಕ್ಕ ನನಕಿಂತ ಚಲೋ ಅವ್ವ ಸಿಗಬೇಕಿತ್ತು" ಅಂದಳು. ಆಗ ಗೊತ್ತಾಯಿತು, ನೋವು ತಲೆಯದಲ್ಲ ಅಂತ.

ಅದು ಹೆರಿಗೆಯ ನಂತರದ ಖಿನ್ನತೆ, ಮನಸ್ಸು ಕುಸಿಯುವ ಕಾಯಿಲೆ. ಆ ಆರು ವಾರದಲ್ಲಿ ನಾವು ಏನು ಮಾಡಬಹುದಿತ್ತು ಎಂಬುದನ್ನು ಆಮೇಲೆ ಓದಿ, ಡಾಕ್ಟರನ್ನು ಕೇಳಿ, ನಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕಾಡಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಬಾಣಂತಿಗೆ ಓದಲು ಕೊಡಬೇಡಿ. ಮನಸ್ಸು ಕುಸಿದವಳು ಇಷ್ಟುದ್ದದ ಬರಹ ಓದುವುದಿಲ್ಲ, ಓದಿದರೂ ತನ್ನದೇ ತಪ್ಪು ಹುಡುಕುತ್ತಾಳೆ. ಇದು ಗಂಡನಿಗೆ, ಅವ್ವನಿಗೆ, ಅತ್ತೆಗೆ, ಅಕ್ಕ-ನಾದಿನಿಯರಿಗೆ.

ಮೊದಲು ಇದು ಎಷ್ಟು ಸಾಮಾನ್ಯ ಅಂತ ತಿಳಿದುಕೊಳ್ಳಿ

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು, ಒಟ್ಟುಗೂಡಿಸಿದ ಒಂದು ಸಮೀಕ್ಷೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಹೆರಿಗೆಯ ನಂತರ ಖಿನ್ನತೆ ಕಂಡವರು ನೂರಕ್ಕೆ 22. ನಿಮ್ಮ ಓಣಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ ಅದರಲ್ಲಿ ಒಂದು ಮನೆ ಎಂದುಕೊಳ್ಳಿ. ಅದು ಯಾವ ಮನೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಮನೆಯೇ ನಮಗೆ ಗೊತ್ತಾಗಿರಲಿಲ್ಲ.

"ನಾವೇನು ಹಡದಿಲ್ಲೇನು? ನಮಗೆಲ್ಲಿ ಇದು ಬಂದಿತ್ತು?" ಅಂತ ಹಿರಿಯರು ಕೇಳುತ್ತಾರೆ. ಬಂದಿತ್ತು, ಹೆಸರು ಇರಲಿಲ್ಲ ಅಷ್ಟೇ. ನಮ್ಮ ಅವ್ವ ಮೂರನೆಯವನನ್ನು ಹಡೆದಾಗ "ಮೂರು ತಿಂಗಳು ಜೀವ ಬ್ಯಾಸರಾಗಿತ್ತು" ಅಂತ ಎಂದೋ ಒಮ್ಮೆ ಹೇಳಿದ್ದಳು. ಆ ಮಾತನ್ನು ನಾವು ಯಾರೂ ಹಿಡಿದು ಕೇಳಿರಲಿಲ್ಲ.

ದಿನ ಎಣಿಸಿ

ಹೆರಿಗೆಯಾದ ಮೂರನೇ ನಾಲ್ಕನೇ ದಿನ ಬಾಣಂತಿ ಕಾರಣವಿಲ್ಲದೆ ಅತ್ತರೆ, ಸಣ್ಣ ಮಾತಿಗೆ ಸಿಟ್ಟಾದರೆ, ಐದು ನಿಮಿಷದಲ್ಲಿ ನಕ್ಕರೆ ಗಾಬರಿ ಬೇಡ. ಹಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಆಗುತ್ತದೆ. ಹಾರ್ಮೋನುಗಳು ಏಕಾಏಕಿ ಇಳಿಯುವುದು, ನಿದ್ದೆಗೆಡುವುದು, ಹೊಲಿಗೆಯ ನೋವು ಎಲ್ಲ ಸೇರಿ ಹಾಗಾಗುತ್ತದೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ಔಷಧಿ ಬೇಡ, ಬೇಕಾದದ್ದು ನಿದ್ದೆ ಮತ್ತು ಜೊತೆಗೊಬ್ಬರು.

ಎರಡು ವಾರ ದಾಟಿಯೂ ಬಹುತೇಕ ದಿನ, ದಿನದ ಬಹುಪಾಲು ಮಂಕು ಹಾಗೇ ಇದ್ದರೆ ಲೆಕ್ಕ ಬೇರೆ. ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಬಾರದಿರುವುದು ದೊಡ್ಡ ಸುಳಿವು. ಇಷ್ಟದ ಊಟ ಸೇರುವುದಿಲ್ಲ. ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗುವುದಿಲ್ಲ, ಇಲ್ಲವೇ ಅದಕ್ಕೆ ಏನೋ ಆಗಿಬಿಡುತ್ತದೆ ಎಂಬ ಭಯಕ್ಕೆ ಕೆಳಗಿಡಲೂ ಆಗುವುದಿಲ್ಲ. ಈ ಎರಡನೆಯದನ್ನು ನಾವು "ಮಾಯೆ ಬಾಳ" ಅಂದುಕೊಂಡು ಬಿಟ್ಟುಬಿಡುತ್ತೇವೆ. ನಮ್ಮ ಕಡೆ ಹೆಂಗಸರು ಮನಸ್ಸು ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ತಲೆನೋವು, ಎದೆಯುರಿ, ಮೈಯೆಲ್ಲ ಭಾರ ಅನ್ನುತ್ತಾರೆ, ಗುಳಿಗೆ ನುಂಗಿ ನುಂಗಿ ಸಾಕಾಗುತ್ತಾರೆ. ಇದೇ ನೋವು ಮೂರನೇ ಸಲ ಕೇಳಿದರೆ ಮೈಯನ್ನು ಬಿಟ್ಟು ಮನಸ್ಸಿನ ಬಗ್ಗೆ ಕೇಳಿ. ಬಸುರಿಯಿದ್ದಾಗಲೇ ಶುರುವಾಗಿರಬಹುದು, ಹೆರಿಗೆಯಾಗಿ ಆರೇಳು ತಿಂಗಳ ಮೇಲೂ ಕಾಣಿಸಬಹುದು. ಹಾಗಾಗಿ ಎಣಿಕೆಯನ್ನು ಒಂದು ವರ್ಷದವರೆಗೆ ನಿಲ್ಲಿಸಬೇಡಿ.

ಬಾಣಂತಿ ಸನ್ನಿ: ಇದೊಂದಕ್ಕೆ ಕಾಯಬೇಡಿ

ಹಳಬರು "ಬಾಣಂತಿ ಸನ್ನಿ" ಅಂತ ಕರೆಯುತ್ತಿದ್ದರಲ್ಲ, ಅದರಲ್ಲಿ ದೊಡ್ಡ ಪಾಲು ಇಂದು ಡಾಕ್ಟರರು ಹೆರಿಗೆಯ ನಂತರದ ಸೈಕೋಸಿಸ್ ಅನ್ನುವ ಕಾಯಿಲೆ. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ, ನೋಡನೋಡುತ್ತಿದ್ದಂತೆ ಬರುತ್ತದೆ. ಎರಡು ಮೂರು ರಾತ್ರಿ ಕಣ್ಣೇ ಮುಚ್ಚುವುದಿಲ್ಲ, ಆದರೂ ದಣಿವಿಲ್ಲ. ಸಂಬಂಧವಿಲ್ಲದ ಮಾತು, ಯಾರೋ ಕರೆದಂತೆ ಕೇಳಿಸುವುದು, ಇದು ತನ್ನ ಕೂಸೇ ಅಲ್ಲ ಅನ್ನುವುದು, ಮನೆಯವರ ಮೇಲೆ ಸಂಶಯ. ಮೊದಲೇ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬುವುದು, ಒಮ್ಮೆ ಅತಿಯಾಗಿ ಕುಸಿಯುವುದು) ಇದ್ದವರಿಗೆ, ಹಿಂದಿನ ಹೆರಿಗೆಯಲ್ಲಿ ಹೀಗಾಗಿದ್ದವರಿಗೆ ಅಪಾಯ ಹೆಚ್ಚು.

ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಫೋನ್ ಮಾಡಿ. ಜೋರು ಜ್ವರ, ಸೋಂಕು, ಬಿಪಿ ಏರಿಕೆಯಿಂದಲೂ ಇಂಥ ತಡವರಿಕೆ ಬರುತ್ತದೆ, ಅದನ್ನು ಡಾಕ್ಟರೇ ಬೇರ್ಪಡಿಸಬೇಕು. ಒಂದು ಕ್ಷಣವೂ ಕೂಸಿನ ಜೊತೆ ಆಕೆಯನ್ನು ಒಂಟಿ ಬಿಡಬೇಡಿ. ಗಾಳಿ ಸೋಕಿದೆ, ದರ್ಗಾಕ್ಕೆ ಒಯ್ಯೋಣ, ಗುಡಿಗೆ ಒಯ್ಯೋಣ ಅಂತ ಹಿರಿಯರು ಹಟ ಹಿಡಿದರೆ ಜಗಳ ಬೇಡ: ಮೊದಲು ಆಸ್ಪತ್ರೆ, ಬರುವಾಗ ದಾರಿಯಲ್ಲಿ ಹರಕೆ ಅನ್ನಿ. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕರು ಚೆನ್ನಾಗಿ ಗುಣವಾಗುತ್ತಾರೆ.

ಕೇಳಿ, ಆದರೆ ಎಲ್ಲರೆದುರು ಕೇಳಬೇಡಿ

ಖಿನ್ನತೆಗೆ ಎಷ್ಟೋ ಕಡೆ ವೈದ್ಯರು ಮೊದಲು ಕೇಳುವುದು ಎರಡೇ ಪ್ರಶ್ನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: "ಹೋದ ಒಂದ್ ತಿಂಗಳದಾಗ ಮನಸ್ಸಿಗಿ ಬಾಳ ಬ್ಯಾಸರ, ಇನ್ನ ಏನೂ ಸರಿ ಹೋಗಂಗಿಲ್ಲ ಅಂತ ಅನಸ್ಯದೇನು?" ಮತ್ತು "ಮೊದ್ಲ ಖುಷಿಲೆ ಮಾಡ್ತಿದ್ದ ಕೆಲಸದಾಗ ಈಗ ಮನಸ್ಸೇ ಇಲ್ದಂಗ ಆಗ್ಯದೇನು?" ಒಂದಕ್ಕಾದರೂ ಹೌದು ಅಂದರೆ ಮುಂದಿನ ಹೆಜ್ಜೆ ಇಡಬೇಕು.

ಯಾರು ಕೇಳಬೇಕು ಎಂಬುದು ಪ್ರಶ್ನೆಯಷ್ಟೇ ಮುಖ್ಯ. ಅತ್ತೆ ಎದುರು ಕುಳಿತಿರುವಾಗ "ಹೆಂಗಿದ್ದಿ?" ಅಂದರೆ ಸೊಸೆ "ಆರಾಮಿದ್ದೀನಿ" ಅನ್ನದೆ ಬೇರೇನು ಅಂದಾಳು? ಎಣ್ಣೆ ಹಚ್ಚುವಾಗ, ತಲೆ ಬಾಚುವಾಗ, ಕೂಸಿನ ಬಟ್ಟೆ ಒಣಹಾಕುವಾಗ ಕೇಳಿ. ಮುಖ ಮುಖ ನೋಡದೆ ಕೈಗೆ ಕೆಲಸವಿದ್ದಾಗ ಮಾತು ಸಲೀಸು ಬರುತ್ತದೆ. ಉತ್ತರ ಬಂದ ಕೂಡಲೇ "ಅಯ್ಯ, ಅಂಥಾದ್ದೇನಾಗ್ಯದ, ಬಂಗಾರದಂಥ ಕೂಸದ" ಅನ್ನಬೇಡಿ. ನಾನು ಅಂದಿದ್ದೆ. ತಂಗಿ ಮತ್ತೆ ಎರಡು ದಿನ ಬಾಯಿಬಿಡಲಿಲ್ಲ.

ಯಾವಾಗ ಕೇಳಬೇಕು ಅನ್ನುವುದಕ್ಕೆ ಬೇರೆ ಕ್ಯಾಲೆಂಡರ್ ಬೇಡ, ತಾಯಿ ಕಾರ್ಡ್ ಸಾಕು. ಕೂಸಿನ ಲಸಿಕೆ 6, 10 ಮತ್ತು 14ನೇ ವಾರಕ್ಕೆ, ಆಮೇಲೆ ಒಂಬತ್ತು ತಿಂಗಳಿಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು; ಮುಂದೆ 3, 6, 9, 12, 15 ತಿಂಗಳಿಗೆ ಬರುವ ವ್ಯವಸ್ಥೆಯೂ ಇದೆ. ಪ್ರತಿ ಸಲ ತಕ್ಕಡಿ ಹೊರಗೆ ತೆಗೆದಾಗ ಈ ಎರಡು ಪ್ರಶ್ನೆಯನ್ನೂ ತೆಗೆಯಿರಿ. ಆಶಾ ಅಕ್ಕ ಬಂದಾಗ ಮನೆಯವರು ಸುತ್ತ ನಿಲ್ಲದೆ ಅವರಿಬ್ಬರನ್ನೇ ಹತ್ತು ನಿಮಿಷ ಬಿಟ್ಟರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಇನ್ನೂ ವಿವರವಾಗಿ ಅಳೆಯಲು ಎಡಿನ್‌ಬರೊ ಮಾಪಕ ಎಂಬುದಿದೆ. 1987ರಲ್ಲಿ ಬ್ರಿಟನ್ನಿನಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ, ನಮ್ಮ ರಾಜ್ಯದ ಸಂಶೋಧನೆಗಳಲ್ಲಿ ಬಳಕೆಯಾಗಿದೆ. ಕಳೆದ ಏಳು ದಿನದ ಬಗ್ಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಬೇಕು. ಅಂಕ ಕಾಯಿಲೆಯನ್ನು ತೀರ್ಮಾನ ಮಾಡುವುದಿಲ್ಲ, ಬಾಗಿಲು ತಟ್ಟಲು ಹೇಳುತ್ತದೆ. ಹತ್ತನೇ ಪ್ರಶ್ನೆ ಮಾತ್ರ ಬೇರೆ. ಅದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಆ ಒಂದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಅಂದೇ ಸಹಾಯ ಹುಡುಕಿ.

ಆ ಮಾತನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ, ಕೇಳಿದವರೊಬ್ಬರು ಸಿಕ್ಕರಲ್ಲ ಅಂತ ಎದೆ ಹಗುರಾಗುವುದೇ ಹೆಚ್ಚು. ಹೌದು ಅಂದರೆ ಒಂಟಿ ಬಿಡಬೇಡಿ. ತೊಗರಿಗೆ ಹೊಡೆಯುವ ಔಷಧಿಯ ಡಬ್ಬಿ, ಮನೆಯಲ್ಲಿರುವ ಗುಳಿಗೆಗಳು ಎಲ್ಲ ಬೀಗದೊಳಗೆ ಹೋಗಲಿ, ಸಾಧ್ಯವಿದ್ದರೆ ಮನೆಯಿಂದಲೇ ಆಚೆ ಹೋಗಲಿ.

ಎಲ್ಲಿಗೆ ಹೋಗುವುದು

ಮನೆಯಿಂದ ಏಳದೆಯೇ ಶುರು ಮಾಡಬಹುದು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಬಾಣಂತಿಯೇ ಮಾತಾಡಬೇಕೆಂದಿಲ್ಲ, ನೀವೂ ಕೇಳಬಹುದು. ನಾನು ಮೊದಲ ಸಲ ಫೋನ್ ಮಾಡಿದ್ದು ಅಂಗಳದ ಬೇವಿನ ಗಿಡದ ಕೆಳಗೆ ನಿಂತು, ಯಾರಿಗೂ ಕೇಳಿಸದ ಹಾಗೆ.

ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಎರಡು ವಿಷಯ ಕೇಳಿಕೊಳ್ಳಿ: ರಕ್ತದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ರಕ್ತ ಕಡಿಮೆಯಾದರೂ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಸುಸ್ತು, ಮಂಕು, ಅಳು ಹೀಗೇ ಇರುತ್ತವೆ. ನಮ್ಮ ಭಾಗದಲ್ಲಿ ರಕ್ತಹೀನತೆಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ರಕ್ತಹೀನತೆ, ಖಿನ್ನತೆ ಎರಡೂ ಒಟ್ಟಿಗೆ ಇರುವುದೂ ಉಂಟು, ಆದ್ದರಿಂದ ಕಬ್ಬಿಣಾಂಶದ ಗುಳಿಗೆ ಕೊಟ್ಟರು ಅಂತ ಮನಸ್ಸಿನ ಮಾತು ಅಲ್ಲಿಗೇ ಬಿಡಬೇಡಿ.

ಮನೋವೈದ್ಯರು ಬೇಕೆಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ದೂರವಾದರೆ ತಾಲೂಕು ಆಸ್ಪತ್ರೆಯಲ್ಲಿ ಕೇಳಿ: ಮಂಗಳವಾರಗಳಂದು ಮನೋವೈದ್ಯರು ತಾಲೂಕಿಗೇ ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ವಾರ ಅಂತ ಫೋನಿನಲ್ಲಿ ಖಾತ್ರಿ ಮಾಡಿಕೊಂಡೇ ಬಸ್ ಹತ್ತಿ. ಅಂದಹಾಗೆ, ಮಾನಸಿಕ ಆರೋಗ್ಯದ ಚಿಕಿತ್ಸೆಯನ್ನು ಜಿಲ್ಲೆ ಮಟ್ಟದಲ್ಲಿ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಗಲಿನ ಬಳ್ಳಾರಿಯೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ನಾವು ಮೊದಲು ಹೋದ ಒಂದು ಕಡೆ ಡಾಕ್ಟರು ತಲೆಯೆತ್ತದೆ "ಟೆನ್ಶನ್ ತಗೋಬ್ಯಾಡ್ರಿ" ಅಂತ ಟಾನಿಕ್ ಬರೆದು ಕಳಿಸಿದರು. ನಿಮಗೂ ಹಾಗಾದರೆ ಇನ್ನೊಂದು ಬಾಗಿಲು ನೋಡಿ. ಲಕ್ಷಣ ಹೇಳುವಾಗ "ಬ್ಯಾಸರ" ಅಂತ ಬಿಡದೆ, "ನಾಲ್ಕು ವಾರದಿಂದ, ಕೂಸು ಮಲಗಿದಾಗಲೂ ನಿದ್ದಿ ಇಲ್ಲ, ಊಟ ಅರ್ಧ ಆಗ್ಯದ" ಅಂತ ದಿನ ಮತ್ತು ಲೆಕ್ಕ ಹೇಳಿದರೆ ಕೇಳುವ ಕಿವಿ ಬದಲಾಗುತ್ತದೆ.

ದಾಖಲಾಗಬೇಕಾಗಿ ಬಂದರೆ ಕೂಸನ್ನು ಕಸಿದುಕೊಳ್ಳುತ್ತಾರೆ ಎಂಬ ಭಯ ತಾಯಂದಿರಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ವೈದ್ಯರು ಕಂಡರೆ ಮಾತ್ರ ಸ್ವಲ್ಪ ಕಾಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ನೋಡುವ ವಾರ್ಡೇ ಇದೆ.

ಗುಳಿಗೆ ಮತ್ತು ಎದೆಹಾಲು

ಖಿನ್ನತೆ ಹಗುರಾಗಿದ್ದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಗುಳಿಗೆ ಬೇಕಾದರೂ ಹಾಲು ಬಿಡಿಸಬೇಕೆಂದಿಲ್ಲ. ಸರ್ಟ್ರಾಲಿನ್‌ನಂಥ ಔಷಧಿ ಎದೆಹಾಲಿಗೆ ಬರುವುದು ತೀರ ಕಡಿಮೆ, ಹಾಲೂಡಿಸುವವರಿಗೆ ಹೆಚ್ಚಾಗಿ ಬರೆಯುವುದೂ ಅದನ್ನೇ. ಎಲ್ಲ ಔಷಧಿಯೂ ಹೀಗಲ್ಲ: ಬೈಪೋಲಾರ್ ಕಾಯಿಲೆಗೆ ಕೊಡುವವುಗಳಲ್ಲಿ ವಾಲ್ಪ್ರೊಯೇಟ್ ಮುಂದೆ ಬಸುರಾಗಬಹುದಾದ ಹೆಂಗಸಿಗೆ ಸಲ್ಲದು, ಲಿಥಿಯಂಗೆ ಹೆಚ್ಚಿನ ಎಚ್ಚರ ಬೇಕು. ಆದ್ದರಿಂದ ಮೊದಲೇ "ಕೂಸಿಗಿ ಹಾಲು ಕುಡಸ್ತಾಳ್ರಿ" ಅಂತ ಹೇಳಿ. ಪಕ್ಕದ ಮನೆಯವರ ಗುಳಿಗೆ, ಹಳೆ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದ ನಿದ್ದೆ ಗುಳಿಗೆ ಬೇಡವೇ ಬೇಡ.

ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. "ಎಂಟು ದಿನ ತಗೊಂಡ್ಳು, ಏನೂ ಉಪಯೋಗಿಲ್ಲ" ಅಂತ ನಿಲ್ಲಿಸುವುದು, "ಆರಾಮಾದ್ಳು" ಅಂತ ಒಂದು ತಿಂಗಳಿಗೇ ನಿಲ್ಲಿಸುವುದು, ಈ ಎರಡು ತಪ್ಪು ನಮ್ಮಲ್ಲಿ ಬಹಳ. ಆರಾಮಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ಇಳಿಸುವುದು ಡಾಕ್ಟರ ಕೆಲಸ.

ಮನೆಯ ಭಾರ ಇಳಿಸಿ

ಗೋವಾದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹಡೆದ ತಾಯಂದಿರನ್ನು ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಜೊತೆಗಾರರು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಅಲ್ಲೂ ಖಿನ್ನತೆ ಕಂಡವರು ನೂರಕ್ಕೆ 23. ಕಾರಣಗಳ ಪಟ್ಟಿ ನೋಡಿದರೆ ನಮ್ಮೂರಿನದೇ ಅನ್ನಿಸುತ್ತದೆ: ಬಡತನ, ಗಂಡನ ಹೊಡೆತ, ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು. ಅಂದರೆ ಚಿಕಿತ್ಸೆಯ ಒಂದು ಪಾಲು ಆಸ್ಪತ್ರೆಯಲ್ಲಿಲ್ಲ, ನಡುಮನೆಯಲ್ಲಿದೆ. ಎರಡನೆಯದೂ ಹೆಣ್ಣು ಹುಟ್ಟಿದ ಮನೆಯಲ್ಲಿ "ಇರ್ಲಿ ಬಿಡು, ಮುಂದಿಂದು ಗಂಡಾಗ್ತದ" ಅಂತ ಸಮಾಧಾನ ಹೇಳುವವರನ್ನು ಬಾಗಿಲಲ್ಲೇ ತಡೆಯಿರಿ. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ನಿದ್ದೆ ಎಲ್ಲಕ್ಕಿಂತ ಮೊದಲು. ದಿನಕ್ಕೊಮ್ಮೆಯಾದರೂ ನಾಲ್ಕೈದು ತಾಸು ಒಂದೇ ಸಮನೆ ಆಕೆ ಮಲಗಬೇಕು. ಹಾಲು ಕುಡಿಸಿ ಕೂಸನ್ನು ಕೊಟ್ಟು ಮಲಗಲಿ, ಡೇಗು ತೆಗೆಸುವುದು, ಬಟ್ಟೆ ಬದಲಿಸುವುದು, ಎತ್ತಿ ತಿರುಗುವುದು ಬೇರೆಯವರದು. ಗಂಡಸರ ಕೈಯಲ್ಲೂ ಕೂಸು ಮಲಗುತ್ತದೆ. ನಮ್ಮ ಅಪ್ಪ ಅರವತ್ತರ ಮೇಲೆ ಇದನ್ನು ಕಲಿತರು.

ಬಾಣಂತನದ ಪದ್ಧತಿಗಳನ್ನೆಲ್ಲ ಹಳಿಯುವವಳು ನಾನಲ್ಲ. ಎಣ್ಣೆ ಹಚ್ಚಿ ಎರೆಯುವುದು, ಆರೈಕೆಗೆ ಅಂತ ಒಬ್ಬರು ನಿಲ್ಲುವುದು, ಒಲೆಯ ಕಡೆ ಹಾಯಲು ಬಿಡದಿರುವುದು, ಇವು ಮನಸ್ಸಿಗೂ ಔಷಧಿಯೇ. ಆದರೆ ಮೇ ತಿಂಗಳ ಕಲಬುರಗಿಯಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿ, ಕುಡಿಯುವ ನೀರನ್ನೂ ಲೆಕ್ಕದಲ್ಲಿ ಕೊಟ್ಟರೆ ಯಾರ ಜೀವವೂ ಹೌಹಾರುತ್ತದೆ. ಮುಚ್ಚಿದ ಕೋಣೆಯ ಕೆಂಡದಿಂದ ವಿಷಗಾಳಿಯಾಗುತ್ತದೆ, ಹಾಲಿಗೆ ನೀರು ಬೇಕು. ಕಾಸುವುದಿದ್ದರೆ ಬಾಗಿಲು ತೆರೆದಿರಲಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ 2017ರಿಂದ ಬಾಣಂತಿಗೂ ಇದೆ. ನಲವತ್ತು ದಿನ ಕಳೆದ ಮೇಲೆ ಅಲ್ಲಿಗೆ ನಡೆದು ಹೋಗಿ ಇನ್ನಿಬ್ಬರು ತಾಯಂದಿರ ಜೊತೆ ಕುಳಿತು ಉಣ್ಣುವುದು, ನನ್ನ ಲೆಕ್ಕದಲ್ಲಿ, ಆ ಊಟಕ್ಕಿಂತ ದೊಡ್ಡದು.

ಇಂಥ ಸಾದಾ ಸಹಾಯ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಬಸುರಿಯಿದ್ದಾಗಿನಿಂದಲೇ ಮನೆಗೆ ಹೋಗಿ ಮಾತಾಡಿಸುವ ಕ್ರಮವನ್ನು ಅತೀಫ್ ರೆಹಮಾನ್ ಎಂಬ ಮನೋವೈದ್ಯರು ಪರೀಕ್ಷೆ ಮಾಡಿದರು. ಖಿನ್ನತೆಯಿದ್ದ ತಾಯಂದಿರಲ್ಲಿ, ಕೂಸಿಗೆ ಆರು ತಿಂಗಳಾಗುವ ಹೊತ್ತಿಗೂ ಖಿನ್ನತೆ ಉಳಿದದ್ದು ಈ ಗುಂಪಿನಲ್ಲಿ ನೂರಕ್ಕೆ 23, ಉಳಿದ ಗುಂಪಿನಲ್ಲಿ 53. ಫಲಿತಾಂಶ 2008ರಲ್ಲಿ ಬಂತು. ಕೂಸುಗಳ ತೂಕ, ಎತ್ತರದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಭೇದಿ ಕಡಿಮೆಯಾಯಿತು, ಲಸಿಕೆ ಪೂರ್ತಿಯಾದವು, ಅಪ್ಪ-ಅವ್ವ ಇಬ್ಬರೂ ಕೂಸಿನ ಜೊತೆ ಹೆಚ್ಚು ಹೊತ್ತು ಆಡತೊಡಗಿದರು.

ಅಷ್ಟರಲ್ಲಿ ಕೂಸಿಗೆ ಏನು ಬೇಕು

1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸಣ್ಣ ಪ್ರಯೋಗ ಮಾಡಿದರು. ತಾಯಿ ಮೊದಲು ಕೂಸಿನ ಜೊತೆ ಎಂದಿನಂತೆ ಆಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ನೋಡುತ್ತಾಳೆ. ಕೂಸು ಮೊದಲು ನಗುತ್ತದೆ, ಕೈಚಾಚುತ್ತದೆ, ಕೂಗುತ್ತದೆ, ಏನು ಮಾಡಿದರೂ ಆ ಮುಖ ಅಲುಗದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಮಾತು ಬಾರದ ಕೂಸು ಅವ್ವನ ಮುಖ ಓದುತ್ತದೆ ಎಂಬುದು ಇದರಿಂದ ಕಣ್ಣಿಗೆ ಕಂಡಿತು. ಖಿನ್ನತೆಯಲ್ಲಿ ಆಕೆ ಬೇಕೆಂದು ಹೀಗೆ ಮಾಡುವುದಿಲ್ಲ, ಮುಖಕ್ಕೆ ನಗು ತರುವ ಶಕ್ತಿಯೇ ಸೋರಿಹೋಗಿರುತ್ತದೆ. ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಹೀಗೇ ಹೋದರೆ ಮಗುವಿಗೆ ಮುಂದೆ ಅಳು ತಡೆದುಕೊಳ್ಳುವುದು, ಮಾತು, ಕಲಿಕೆ ತೊಡಕಾಗುವ ಸಂಭವ ಹೆಚ್ಚು ಎನ್ನುತ್ತವೆ ಸಂಶೋಧನೆಗಳು. ಸಂಭವ ಅಂದೆ. ಖಿನ್ನತೆ ಇದ್ದ ತಾಯಂದಿರ ಎಷ್ಟೋ ಮಕ್ಕಳು ಚೆನ್ನಾಗಿಯೇ ಬೆಳೆದಿದ್ದಾರೆ.

ಅದೇ ಟ್ರಾನಿಕ್ ಕಂಡುಕೊಂಡ ಇನ್ನೊಂದು ಮಾತನ್ನು ನಾನು ತಂಗಿಗೆ ಹತ್ತು ಸಲವಾದರೂ ಹೇಳಿದ್ದೇನೆ. ಆರೋಗ್ಯವಾಗಿರುವ ತಾಯಿ-ಕೂಸು ಕೂಡ ಒಬ್ಬರಿಗೊಬ್ಬರು ತಾಳ ಹೊಂದಿರುವುದು ಸುಮಾರು ನೂರಕ್ಕೆ ಮೂವತ್ತರಷ್ಟು ಹೊತ್ತು ಮಾತ್ರ. ಉಳಿದದ್ದು ತಪ್ಪುವುದು, ಮತ್ತೆ ಕೂಡುವುದು. ಅತ್ತ ಕೂಸನ್ನು ತಡವಾಗಿ ಎತ್ತಿಕೊಂಡೆ ಅಂತ ಕೊರಗುವ ಬದಲು, ಎತ್ತಿಕೊಂಡೆಯಲ್ಲ ಅನ್ನಿ.

ಆಕೆ ಚೇತರಿಸಿಕೊಳ್ಳುವವರೆಗೆ ಬೇರೆ ಮುಖಗಳು ಆ ಜಾಗ ತುಂಬಬಹುದು. ಕೂಡುಮನೆ ಇನ್ನೂ ಉಳಿದಿರುವ ನಮ್ಮಂಥ ಕಡೆ ಇದೇ ದೊಡ್ಡ ಆಸ್ತಿ. ದಿನಾ ಅದೇ ಅಜ್ಜಿ, ಅದೇ ಅಪ್ಪ, ಅದೇ ಅತ್ತೆ ಇರಲಿ, ಹತ್ತು ಕೈ ಬದಲಾಗುವುದು ಬೇಡ. ಹುಟ್ಟಿದ ಕೂಸಿಗೆ ಒಂದು ಗೇಣಿಗಿಂತ ತುಸು ಹೆಚ್ಚು ದೂರದ ಮುಖ ಚೆನ್ನಾಗಿ ಕಾಣುತ್ತದೆ, ಅಷ್ಟು ಹತ್ತಿರ ಹಿಡಿದು ಮಾತಾಡಿ. ಅದು "ಊಂ" ಅಂದರೆ ನೀವೂ "ಊಂ" ಅಂದು ಕಾಯಿರಿ, ಅದರ ಸರದಿ ಬರಲಿ. ಆರರಿಂದ ಎಂಟು ವಾರಕ್ಕೆ ಮುಖ ನೋಡಿ ನಗುತ್ತದೆ. ಆರು ತಿಂಗಳಾಚೆ ಸೆರಗಿನ ಮರೆಯ ಬೂವಾ ಆಟ. ಎಂಟೊಂಬತ್ತು ತಿಂಗಳಿಗೆ ಗುರುತಿಲ್ಲದವರನ್ನು ಕಂಡು ಅತ್ತರೆ "ಅಂಜುಬುರುಕ" ಅಂತ ಹಂಗಿಸಬೇಡಿ, ತನ್ನವರು ಯಾರೆಂದು ಅದಕ್ಕೆ ಗೊತ್ತಾಗಿದೆ ಅಂತ ಅರ್ಥ. ಮೊಬೈಲನ್ನು ತೊಟ್ಟಿಲಿಗೆ ಆನಿಸಿ ಹಾಡು ಹಚ್ಚುವುದಕ್ಕಿಂತ ಅಜ್ಜಿಯ ಬಾಯಿಯ ಜೋಗುಳ ಮೇಲು, ಶ್ರುತಿ ತಪ್ಪಿದರೂ ಅದು ಕೂಸಿನ ನಗುವಿಗೆ ತಿರುಗಿ ನಗುತ್ತದೆ.

ತಾಯಿಯನ್ನು ಪೂರ್ತಿ ದೂರ ಇಡಬೇಡಿ. ದಿನಕ್ಕೆ ಒಂದು ಸಣ್ಣ ಕೆಲಸ ಆಕೆಯದೇ ಇರಲಿ. ನಮ್ಮ ಮನೆಯಲ್ಲಿ ಅದು ಸಂಜೆ ಕೂಸಿಗೆ ಎಣ್ಣೆ ತಿಕ್ಕುವುದು. ನಗು ಬಾರದಿದ್ದರೂ ಕೈ ಆಡುತ್ತಿತ್ತು. ಕೂಸಿಗೆ ಆಕೆಯ ದನಿ ಹೊಟ್ಟೆಯಲ್ಲಿದ್ದಾಗಿನಿಂದಲೇ ಪರಿಚಯ. ಹುಟ್ಟಿದ ಮೂರು ದಿನದೊಳಗಿನ ಕೂಸುಗಳೂ ಬೇರೆ ಹೆಂಗಸಿನ ದನಿಗಿಂತ ಅವ್ವನ ದನಿಯನ್ನೇ ಆರಿಸಿಕೊಳ್ಳುತ್ತವೆ ಎಂದು 1980ರಲ್ಲೇ ಪ್ರಯೋಗವೊಂದು ತೋರಿಸಿದೆ.

ಮೂರು ತಿಂಗಳು ತುಂಬಿದರೂ ಕೂಸು ಯಾರ ಮುಖಕ್ಕೂ ನಗದಿದ್ದರೆ, ಕಣ್ಣಿಗೆ ಕಣ್ಣು ಕೂಡಿಸದಿದ್ದರೆ, ಸಪ್ಪಳಕ್ಕೆ ಬೆಚ್ಚದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಕಣ್ಣಿನದೋ ಕಿವಿಯದೋ ತೊಂದರೆ ಇರಬಹುದು. ತಾಯಿಯ ತಲೆಗೆ ಕಟ್ಟಬೇಡಿ.

ತವರು ಬಿಟ್ಟ ಮೇಲೆ

ಎಲ್ಲರೂ ಮರೆಯುವ ಹೆಜ್ಜೆ ಇದು. ಮೂರು ತಿಂಗಳಿಗೋ ಐದಕ್ಕೋ ಉಡಿ ತುಂಬಿ ಗಂಡನ ಮನೆಗೆ ಕಳಿಸುತ್ತೇವೆ. ಅಲ್ಲಿಗೆ ಹೋದ ಮರುದಿನವೇ ಒಲೆ, ನೀರು, ದನ. ಕೂಸಿನ 14ನೇ ವಾರದ ಲಸಿಕೆ ಮುಗಿದಿರುತ್ತದೆ ಇಲ್ಲವೇ ಹತ್ತಿರ ಬಂದಿರುತ್ತದೆ, ಮುಂದಿನದಕ್ಕೆ ಒಂಬತ್ತು ತಿಂಗಳು ತುಂಬಬೇಕು, ತವರಿನ ಆಶಾ ಅಕ್ಕ ಹಿಂದೆ ಉಳಿದಿರುತ್ತಾಳೆ. ಗುಣವಾಗುತ್ತಿದ್ದವರೂ ಈ ನಡುವೆ ಜಾರುತ್ತಾರೆ. ಕಳಿಸುವ ಮೊದಲೇ ಆ ಊರಿನ ಆಶಾ ನಂಬರ್ ತೆಗೆದುಕೊಳ್ಳಿ. ಗುಳಿಗೆ ಒಂದು ತಿಂಗಳಿಗಾಗುವಷ್ಟು ಕಟ್ಟಿ ಕೊಡಿ. ಗಂಡನಿಗೆ ಕಾಯಿಲೆಯ ಹೆಸರು ಹೇಳಿ. ಮುಚ್ಚಿಟ್ಟರೆ ಗುಳಿಗೆಯನ್ನೂ ಆಕೆ ಮುಚ್ಚಿಟ್ಟೇ ನುಂಗಬೇಕಾಗುತ್ತದೆ, ನಾಲ್ಕು ದಿನಕ್ಕೆ ಬಿಟ್ಟುಬಿಡುತ್ತಾಳೆ.

ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಇದು ಇನ್ನೂ ಕಷ್ಟ. ತಾಂಡಾದಿಂದ ಕಟ್ಟಡ ಕೆಲಸಕ್ಕೆ ಹೋದವಳಿಗೆ ಶೆಡ್ಡಿನಲ್ಲಿ ಅವ್ವನೂ ಇಲ್ಲ, ಅಂಗನವಾಡಿಯೂ ಗುರುತಿಲ್ಲ. ತಾಯಿ ಕಾರ್ಡ್ ಮತ್ತು ಡಾಕ್ಟರ ಚೀಟಿ ಗಂಟಿನಲ್ಲಿ ಇರಲೇಬೇಕು, ಅವನ್ನು ತೋರಿಸಿ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಮುಂದುವರಿಸಬಹುದು. 14416 ಎಲ್ಲಿಂದಲೂ ಹತ್ತುತ್ತದೆ. ಊರಲ್ಲೇ ಉಳಿದು ಉದ್ಯೋಗ ಖಾತ್ರಿಗೆ ಹೋಗುವವರು ತಮ್ಮ ಪಂಚಾಯಿತಿಯಲ್ಲಿ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ ತೆರೆದಿದೆಯೇ ಎಂದು ಕೇಳಲಿ. ಗಂಡ ದೂರದಲ್ಲಿದ್ದರೆ ವಿಡಿಯೋ ಕಾಲ್‌ನಲ್ಲಿ "ಕೂಸಿನ ತೋರ್ಸು" ಅನ್ನುವ ಮೊದಲು "ಇವತ್ ನಿನಗ ನಿದ್ದಿ ಆಯ್ತೇನು?" ಅಂತ ಕೇಳಲಿ.

ನಮ್ಮ ತಂಗಿಯ ತಾಯಿ ಕಾರ್ಡಿನ ಹಿಂಬದಿಗೆ ನಾವು ಒಂದು ಚೀಟಿ ಅಂಟಿಸಿದ್ದೆವು. 14416, 108, ಗಂಡನ ಊರಿನ ಆಶಾ ನಂಬರ್, ಗುಳಿಗೆಯ ಹೆಸರು, ಮತ್ತೆ ತೋರಿಸುವ ತಾರೀಕು. ಕೆಳಗೆ ನನ್ನ ಹೆಸರು: ಪ್ರತಿ ಭಾನುವಾರ ಸಂಜೀಕ ಫೋನ್. ಮೊದಲ ನಾಲ್ಕು ಭಾನುವಾರ ಆಕೆ "ಹ್ಞೂಂ, ಹ್ಞೂಂ" ಅಷ್ಟೇ ಅಂದಳು. ಐದನೇ ಭಾನುವಾರ ಫೋನ್ ಎತ್ತಿದವಳೇ, "ತಡಿ ಅಕ್ಕಾ, ಇದು ನನ್ನ ಜಡಿ ಬಾಯಾಗ ಹಾಕ್ಕೊಂಡದ, ಬಿಡಿಸ್ಲತ್ತೀನಿ" ಅಂದಳು. ಹಿಂದೆ ಇಬ್ಬರೂ ನಗುವುದು ಕೇಳಿಸುತ್ತಿತ್ತು.